ಎಚ್ಚರವಿರುವಾಗಲೇ ಉಸಿರಿನ ಟ್ಯೂಬ್: ಹೆದರುವ ಮೊದಲು ಒಮ್ಮೆ ಓದಿ



ಈ ವಾರ ಬಿ.ಪಿ. ಮಾತ್ರೆಗಳ ಬಗ್ಗೆ ಬರೆಯುತ್ತೇನೆ ಎಂದು ಹೇಳಿದ್ದೆ. ಅದು ಮುಂದಿನ ಭಾನುವಾರಕ್ಕಿರಲಿ. ನಡುವೆ ಬಂದ ಒಂದು ಫೋನಿನಿಂದಾಗಿ ವಿಷಯ ಬದಲಾಯಿತು.

ಫೋನ್ ಮಾಡಿದವರು ನಮ್ಮ ಪುಣೆ ಗುಂಪಿನ ಓದುಗರೊಬ್ಬರು. ರಾತ್ರಿ ಹತ್ತೂವರೆ. ದನಿಯಲ್ಲೇ ಅಳು ತುಂಬಿತ್ತು. "ಅಕ್ಕಾ, ನಾಡಿದ್ದು ನಮ್ಮ ಮಾವನಿಗೆ ಆಪರೇಷನ್. ಇವತ್ತು ಅನಸ್ತೇಷಿಯಾ ಡಾಕ್ಟರು ಬಂದು ನೋಡಿ, ಎಚ್ಚರ ಇರುವಾಗ್ಲೇ ಮೂಗಿನಿಂದ ಗಂಟಲಿಗೆ ಪೈಪ್ ಹಾಕ್ತೀವಿ ಅಂದ್ರು. ನಿದ್ದೆ ಬರೋ ಇಂಜೆಕ್ಷನ್ ಆಮೇಲಂತೆ. ಹೀಗೂ ಮಾಡ್ತಾರಾ? ಇವರಿಗೆ ಸರಿಯಾಗಿ ಬರಲ್ಲ ಅನ್ಸುತ್ತೆ, ಬೇರೆ ಆಸ್ಪತ್ರೆ ನೋಡೋಣ ಅಂತಿದಾರೆ ನಮ್ಮನೆಯವರು."

ಗುಂಪಿಗೆ ಹೊಸಬರಾದವರಿಗೆ ಹೇಳುತ್ತೇನೆ, ನಾನು ಮುಂಬಯಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಅರಿವಳಿಕೆ ವೈದ್ಯೆ, ಅಂದರೆ ಅನಸ್ತೇಷಿಯಾ ಡಾಕ್ಟರು. ಆಕೆಯ ಮಾತು ಕೇಳಿದ ಕೂಡಲೇ ನಾನು ಕೊಟ್ಟ ಉತ್ತರ ಒಂದೇ. ಆ ಡಾಕ್ಟರನ್ನು ಬಿಟ್ಟು ಎಲ್ಲಿಗೂ ಹೋಗಬೇಡಿ. ನಿಮ್ಮ ಮಾವನವರ ಬಾಯಿಯನ್ನು ಸರಿಯಾಗಿ ನೋಡಿದ್ದಾರೆ ಎಂಬುದಕ್ಕೆ ಇದೇ ಸಾಕ್ಷಿ.

ಯಾಕೆ ಎಂದು ಆಕೆಗೆ ಅರ್ಧ ಗಂಟೆ ವಿವರಿಸಿದೆ. ಅದನ್ನೇ ಇಲ್ಲಿ ಎಲ್ಲರಿಗಾಗಿ ಬರೆಯುತ್ತಿದ್ದೇನೆ. ಆ ಮನೆಯವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

*ಟ್ಯೂಬ್ ಯಾಕೆ ಬೇಕು?*

ದೊಡ್ಡ ಆಪರೇಷನ್‌ಗೆ ಜನರಲ್ ಅನಸ್ತೇಷಿಯಾ ಕೊಡುವಾಗ ರೋಗಿಗೆ ಬರೀ ನಿದ್ದೆ ಬರಿಸುವುದಲ್ಲ. ಮೈಯ ಸ್ನಾಯುಗಳೆಲ್ಲ ಸಡಿಲವಾಗುವ ಔಷಧವನ್ನೂ ಸಾಮಾನ್ಯವಾಗಿ ಕೊಡುತ್ತೇವೆ. ಉಸಿರಾಡಿಸುವ ಸ್ನಾಯುಗಳೂ ಅದರಲ್ಲಿ ಸೇರುತ್ತವೆ. ಹಾಗಾಗಿ ರೋಗಿಯ ಸ್ವಂತ ಉಸಿರು ನಿಲ್ಲುತ್ತದೆ. ಆಪರೇಷನ್ ಮುಗಿಯುವವರೆಗೆ ಉಸಿರಾಡಿಸುವ ಕೆಲಸ ನಮ್ಮದು, ನಮ್ಮ ಮೆಷಿನ್ನಿನದು. ಅದಕ್ಕಾಗಿ ಶ್ವಾಸನಾಳದೊಳಗೆ ಹೆಚ್ಚುಕಡಿಮೆ ಕಿರುಬೆರಳಿನಷ್ಟು ದಪ್ಪದ ಮೆತ್ತನೆಯ ಪ್ಲಾಸ್ಟಿಕ್ ಟ್ಯೂಬ್ ಇಡುತ್ತೇವೆ. ಅದರ ತುದಿಗೆ ಪುಟ್ಟ ಬಲೂನ್ ಇರುತ್ತದೆ. ಗಾಳಿ ತುಂಬಿದರೆ ಅದು ಶ್ವಾಸನಾಳಕ್ಕೆ ಬಿಗಿಯಾಗಿ ಕೂತು, ಎಂಜಲು, ರಕ್ತ, ಹೊಟ್ಟೆಯಿಂದ ಮೇಲೆ ಬಂದ ದ್ರವ ಪುಪ್ಪುಸಕ್ಕೆ ಇಳಿಯದಂತೆ ತಡೆಯುತ್ತದೆ.

ಬಹುತೇಕರಿಗೆ ಇದರ ಅರಿವೇ ಇರುವುದಿಲ್ಲ. ಮೊದಲು ನಿದ್ದೆ, ಆಮೇಲೆ ನಾವು ಲ್ಯಾರಿಂಗೋಸ್ಕೋಪ್ ಎಂಬ ದೀಪವಿರುವ ಉಪಕರಣದಿಂದ ನಾಲಿಗೆ ಎತ್ತಿ, ಧ್ವನಿತಂತುಗಳನ್ನು ನೋಡಿ, ಅವುಗಳ ನಡುವೆ ಟ್ಯೂಬ್ ಜಾರಿಸುತ್ತೇವೆ. ಒಂದು ನಿಮಿಷದೊಳಗೆ ಮುಗಿಯುವ ಕೆಲಸ. ಎದ್ದ ಮೇಲೆ ಗಂಟಲು ಸ್ವಲ್ಪ ಕೆರೆದಂತಾಗುತ್ತದೆ, ಅಷ್ಟೆ.

ಇನ್ನೊಂದು ಮಾತು. ಕೋವಿಡ್ ಕಾಲದಲ್ಲಿ "ಟ್ಯೂಬ್ ಹಾಕಿದ್ರಂತೆ" ಎಂಬ ಸುದ್ದಿ ಬಂದರೆ ಮನೆಯಲ್ಲಿ ಎಲ್ಲರೂ ಕೈಚೆಲ್ಲುತ್ತಿದ್ದರು. ಆ ಭಯ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಆದರೆ ಐಸಿಯುನಲ್ಲಿ ಪುಪ್ಪುಸ ಕೆಟ್ಟು ವೆಂಟಿಲೇಟರ್ ಹಾಕುವುದು ಬೇರೆ, ಆಪರೇಷನ್‌ಗಾಗಿ ಕೆಲವು ಗಂಟೆ ಟ್ಯೂಬ್ ಇಡುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

*ಹಾಗಾದರೆ ನಿದ್ದೆ ಮಾಡಿಸಿಯೇ ಹಾಕಬಾರದೇಕೆ?*

ಎಚ್ಚರವಿದ್ದಾಗ ನಮ್ಮ ಗಂಟಲಿನ ಸ್ನಾಯುಗಳು ಸದಾ ಸ್ವಲ್ಪ ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದಿಟ್ಟಿರುತ್ತವೆ. ನಿದ್ದೆಯ ಔಷಧ ಒಳಗೆ ಹೋದೊಡನೆ ಆ ಬಿಗಿ ಹೋಗುತ್ತದೆ. ನಾಲಿಗೆ ಹಿಂದಕ್ಕೆ ಬೀಳುತ್ತದೆ, ದಾರಿ ಮುಚ್ಚುತ್ತದೆ. ಬಾಯಿ ಚೆನ್ನಾಗಿ ತೆರೆಯುವವರಲ್ಲಿ ಇದು ತೊಂದರೆಯಲ್ಲ. ದವಡೆ ಎತ್ತಿ ಹಿಡಿದು, ಮಾಸ್ಕ್ ಇಟ್ಟು ಗಾಳಿ ಕೊಡುತ್ತೇವೆ, ಟ್ಯೂಬ್ ಹಾಕುತ್ತೇವೆ.

ಬಾಯಿ ಒಂದೂವರೆ ಬೆರಳಷ್ಟೇ ತೆರೆಯುವವರ ಕತೆ ಬೇರೆ. ನಿದ್ದೆ ಮಾಡಿಸಿದ ಮೇಲೆ ಟ್ಯೂಬ್ ಹೋಗಲಿಲ್ಲ, ಮಾಸ್ಕಿನಿಂದ ಗಾಳಿಯೂ ಹೋಗಲಿಲ್ಲ ಎಂದಿಟ್ಟುಕೊಳ್ಳಿ. ಮೊದಲೇ ಶುದ್ಧ ಆಕ್ಸಿಜನ್ ಕೊಟ್ಟಿದ್ದರೆ ಆರೋಗ್ಯವಂತರಿಗೆ ಕೆಲವು ನಿಮಿಷ ಸಿಗುತ್ತದೆ. ದಪ್ಪ ಮೈಯವರಿಗೆ, ಪುಪ್ಪುಸದ ಕಾಯಿಲೆಯವರಿಗೆ, ಮಕ್ಕಳಿಗೆ, ಗರ್ಭಿಣಿಯರಿಗೆ ಅದಕ್ಕಿಂತ ಕಡಿಮೆ. ಆಮೇಲೆ ಉಳಿಯುವುದು ಕುತ್ತಿಗೆಯ ಮುಂಭಾಗದಲ್ಲಿ ಕೊಯ್ದು ದಾರಿ ಮಾಡುವುದೊಂದೇ. ಅದೂ ಕೈ ನಡುಗುವ ಗಡಿಬಿಡಿಯಲ್ಲಿ. ನನ್ನ ವೃತ್ತಿಯಲ್ಲಿ ಇದಕ್ಕಿಂತ ಭಯದ ಹೊತ್ತು ಇನ್ನೊಂದಿಲ್ಲ.

ಎಚ್ಚರವಿರುವಾಗಲೇ ಹಾಕಿದರೆ ಈ ಗಂಡಾಂತರ ತುಂಬ ಕಡಿಮೆಯಾಗುತ್ತದೆ. ರೋಗಿ ತನ್ನ ಉಸಿರನ್ನು ತಾನೇ ಆಡುತ್ತಿರುತ್ತಾನೆ. ಟ್ಯೂಬ್ ಹೋಗಲಿಲ್ಲವೋ, ಹೊರತೆಗೆದು ಕೂತು ಯೋಚಿಸಬಹುದು. ಬಾವಿಗೆ ಇಳಿಯುವವನು ಕಾಲಿಗೆ ಮೆಟ್ಟಿಲು ಸಿಗುವವರೆಗೆ ಹಗ್ಗ ಬಿಡುತ್ತಾನೆಯೇ? ಸ್ವಂತ ಉಸಿರೇ ಆ ಹಗ್ಗ.

2011ರಲ್ಲಿ ಬ್ರಿಟನ್ನಿನಲ್ಲಿ ಇಡೀ ದೇಶದ ಆಸ್ಪತ್ರೆಗಳಿಂದ ಇಂಥ ಅವಘಡಗಳನ್ನು ಕಲೆಹಾಕಿ ಒಂದು ದೊಡ್ಡ ವರದಿ ಮಾಡಿದರು. ಅದರಲ್ಲಿ ಕಂಡ ಒಂದು ತಪ್ಪು ಎಂದರೆ, ಎಚ್ಚರದಲ್ಲೇ ಟ್ಯೂಬ್ ಹಾಕಬೇಕಾಗಿದ್ದ ಕೆಲವರಿಗೆ ಹಾಗೆ ಮಾಡದೆ ನಿದ್ದೆ ಬರಿಸಿದ್ದು. ನಮ್ಮ ದೇಶದಲ್ಲೂ ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ ಅಸೋಸಿಯೇಷನ್ 2016ರಲ್ಲಿ ಕಷ್ಟದ ಗಂಟಲಿನ ನಿರ್ವಹಣೆಗೆ ಮಾರ್ಗಸೂಚಿಗಳನ್ನು ಹೊರತಂದಿದೆ.

*ಯಾರಿಗೆ ಇದು ಬೇಕಾಗುತ್ತದೆ?*

ಆಪರೇಷನ್ನಿನ ಹಿಂದಿನ ದಿನ ಅನಸ್ತೇಷಿಯಾ ಡಾಕ್ಟರು ಬಂದು ಬಾಯಿ ತೆರೆಯಿರಿ, ನಾಲಿಗೆ ಚಾಚಿ, ತಲೆ ಹಿಂದಕ್ಕೆ ಬಾಗಿಸಿ ಎಂದು ಕಸರತ್ತು ಮಾಡಿಸುವುದು ಇದಕ್ಕೇ. ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಬಾಯಿಯೊಳಗೆ ಹಿಡಿಸಬೇಕು. ನಾಲಿಗೆ ಚಾಚಿದಾಗ ಕಿರುನಾಲಿಗೆ ಕಾಣುತ್ತದೆಯೇ ಎಂದು ನೋಡುವ ಪರೀಕ್ಷೆಗೆ ಮಲ್ಲಂಪಾಟಿ ಪರೀಕ್ಷೆ ಎಂದು ಹೆಸರು. ಆಂಧ್ರದ ಕಡೆಯಿಂದ ಹೋಗಿ ಅಮೆರಿಕದ ಬಾಸ್ಟನ್ನಿನಲ್ಲಿ ಕೆಲಸ ಮಾಡಿದ ಡಾ. ಶೇಷಗಿರಿ ರಾವ್ ಮಲ್ಲಂಪಾಟಿ 1985ರಲ್ಲಿ ಇದನ್ನು ಪ್ರಕಟಿಸಿದರು. ಇವತ್ತು ಜಗತ್ತಿನ ಯಾವ ಮೂಲೆಯ ಅನಸ್ತೇಷಿಯಾ ಡಾಕ್ಟರನ್ನು ಕೇಳಿದರೂ ಆ ಹೆಸರು ಗೊತ್ತು. ಹೈದರಾಬಾದಿನ ಗುಂಪಿನವರು ಅಕ್ಕಪಕ್ಕದವರಿಗೆ ಹೇಳಿ, ಖುಷಿಪಡುತ್ತಾರೆ.

ಕುತ್ತಿಗೆಗೆ ರೇಡಿಯೇಷನ್ ಆದವರು, ಬೆನ್ನುಮೂಳೆ ಕೋಲಿನಂತೆ ಸೆಟೆದುಕೊಂಡಿರುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರು, ಸುಟ್ಟ ಗಾಯ ಮಾಗಿ ಗದ್ದ ಎದೆಗೆ ಅಂಟಿದಂತಾದವರು, ಶ್ವಾಸನಾಳ ಒತ್ತುವಷ್ಟು ದೊಡ್ಡ ಥೈರಾಯಿಡ್ ಗಡ್ಡೆಯವರು, ಅಪಘಾತದಲ್ಲಿ ಕತ್ತಿನ ಮೂಳೆ ಮುರಿದವರು, ಇವರಲ್ಲೆಲ್ಲ ವೈದ್ಯರು ಈ ದಾರಿಯನ್ನು ಯೋಚಿಸುತ್ತಾರೆ. ಹುಳುಕು ಹಲ್ಲನ್ನು ನಿರ್ಲಕ್ಷ್ಯ ಮಾಡಿ, ಕೀವು ದವಡೆಯ ಕೆಳಗೆಲ್ಲ ಹಬ್ಬಿ, ನಾಲಿಗೆ ಮೇಲೆದ್ದು, ಮಾತು ತೊದಲುತ್ತ ಬರುವವರನ್ನೂ ಕಂಡಿದ್ದೇನೆ. ಒಂದು ಹಲ್ಲಿನಿಂದ ಪ್ರಾಣಕ್ಕೆ ಬರುತ್ತದೆ ಎಂದರೆ ಯಾರೂ ನಂಬುವುದಿಲ್ಲ.

ಆದರೆ ನಮ್ಮ ದೇಶದಲ್ಲಿ ಬಾಯಿ ತೆರೆಯದಿರುವುದಕ್ಕೆ ದೊಡ್ಡ ಕಾರಣ ಅಡಿಕೆ. ಹೌದು, ನಮ್ಮ ಊರಿನದೇ ಅಡಿಕೆ. ವರ್ಷಗಟ್ಟಲೆ ಜಗಿದವರ ಕೆನ್ನೆಯ ಒಳಪದರ ಗಟ್ಟಿಯಾಗಿ, ಹಗ್ಗದ ಎಳೆಗಳಂತೆ ಬಿಗಿದುಕೊಂಡು, ಬಾಯಿ ನಿಧಾನಕ್ಕೆ ಮುಚ್ಚುತ್ತ ಬರುತ್ತದೆ. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಗುಟ್ಕಾ ತಿನ್ನುವ ಹುಡುಗರಲ್ಲಿ ಇದು ಇನ್ನೂ ಬೇಗ ಬರುತ್ತದೆ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2003ರಲ್ಲೇ ತೀರ್ಮಾನಿಸಿದೆ. ತೋಟವಿರುವ ಮನೆಗಳವರು ಈ ಮಾತಿಗೆ ನನ್ನ ಮೇಲೆ ಬೇಸರ ಮಾಡಿಕೊಳ್ಳುತ್ತಾರೆಂದು ಗೊತ್ತು. ನನ್ನ ತವರಿನದೂ ಅಡಿಕೆ ತೋಟವೇ.

ಫೋನ್ ಮಾಡಿದವರ ಮಾವ ಸಾಗರದ ಕಡೆಯವರು. ಐವತ್ತು ವರ್ಷದ ಕವಳ. ಬಲ ಕೆನ್ನೆಯ ಒಳಗೆ ವಾಸಿಯಾಗದ ಹುಣ್ಣು, ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂತು. ಬಾಯಿ ತೆರೆಯುವುದು ಕಡಿಮೆಯಾದದ್ದು ಯಾವಾಗಿನಿಂದ ಎಂದು ಕೇಳಿದೆ. ಸೊಸೆ ಯೋಚಿಸಿ ಹೇಳಿದಳು: "ಹೋದ ವರ್ಷ ಮಾವಿನ ಹಣ್ಣನ್ನ ಕಚ್ಚಿ ತಿನ್ನೋಕಾಗ್ದೆ ಹೋಳು ಮಾಡಿಸ್ಕೊಂಡ್ರು. ಹಲ್ಲು ನೋವಿರಬೇಕು ಅಂದ್ಕೊಂಡ್ವಿ." ಮನೆಯಲ್ಲಿ ಹಿರಿಯರು ದೋಸೆಯನ್ನು ಚಿಂದಿ ಚಿಂದಿ ಮಾಡಿ ತಿನ್ನತೊಡಗಿದರೆ, ಖಾರ ತಾಗಿದರೆ ಉರಿ ಎನ್ನತೊಡಗಿದರೆ, ಬಾಯಿಗೆ ಬೆರಳಿಟ್ಟು ನೋಡಿಸಿ.

*ಹಳೆಯ ಆಪರೇಷನ್ನಿನ ಸುಳಿವು*

ಮರುದಿನ ಬೆಳಿಗ್ಗೆ ಮಾವನವರ ಜೊತೆಯೇ ಮಾತಾಡಿದೆ. ಹಿಂದೆ ಯಾವುದಾದರೂ ಆಪರೇಷನ್ ಆಗಿತ್ತಾ ಎಂದು ಕೇಳಿದೆ.

"ಹರ್ನಿಯಾದ್ದು ಆಗಿತ್ತು ತಂಗಿ, ನಾಲ್ಕು ವರ್ಷ ಆಯ್ತು."

"ಆಗ ಗಂಟಲಿಗೆ ಏನಾದ್ರೂ ತೊಂದ್ರೆ ಆಗಿತ್ತಾ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಚ್ಚರ ಆದಾಗ ಎರಡು ಹಲ್ಲು ಅಲ್ಲಾಡ್ತಿತ್ತು. ತುಟಿ ಒಡೆದಿತ್ತು. ಗಂಟ್ಲು ನೋವಂದ್ರೆ ಮೂರು ದಿನ ಗಂಜಿ. ಆಪರೇಷನ್ ಆಗಿರ್ಲೇ ಇಲ್ಲ. ಮಾರನೇ ದಿನ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ್ರು."

ನನಗೆ ಅರ್ಥವಾಯಿತು. ಅವತ್ತು ಟ್ಯೂಬ್ ಹಾಕಲು ಪ್ರಯತ್ನಿಸಿ, ಆಗದೆ, ಎಬ್ಬಿಸಿದ್ದಾರೆ. ಎಬ್ಬಿಸಿದ್ದು ಸರಿಯಾದ ನಿರ್ಧಾರವೇ. ಆದರೆ ಯಾರೂ ಒಂದು ಸಾಲು ಬರೆದು ಕೊಟ್ಟಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ಹರ್ನಿಯಾ ಬಗ್ಗೆ ಮಾತ್ರ ಇದೆ. ಇವರೂ ಮಗನಿಗೆ ಹೇಳಿಲ್ಲ. "ಅವ್ನು ದೂರ ಇದ್ದ, ಸುಮ್ನೆ ಗಾಬರಿ ಯಾಕೆ ಅಂತ."

ಊರಿನಲ್ಲಿರುವ ಅಪ್ಪ ಅಮ್ಮ ನಮಗೆ ಹೇಳದೆ ಉಳಿಸುವ ಇಂಥ ಸಂಗತಿಗಳು ಎಷ್ಟಿವೆಯೋ. ಆ ದಿನವೇ ಮಗ ಈ ಮಾಹಿತಿಯನ್ನು ಪುಣೆಯ ಡಾಕ್ಟರಿಗೆ ತಿಳಿಸಿದ. ಅವರು ಕುರ್ಚಿ ಎಳೆದು ಕೂತು ಎಲ್ಲ ಬರೆದುಕೊಂಡರಂತೆ. ಆಸ್ಪತ್ರೆ ಬದಲಿಸುವ ಮಾತು ಅಲ್ಲಿಗೇ ನಿಂತಿತು.

*ನಿಜವಾಗಿ ಏನೇನು ಮಾಡುತ್ತಾರೆ?*

ಇದೇನೂ ಹೊಸದಲ್ಲ. 1878ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಲಿಯಂ ಮೆಕ್ಯೂವನ್ ಎಂಬ ಸರ್ಜನ್, ನಾಲಿಗೆಯ ಬುಡದಲ್ಲಿ ಗಡ್ಡೆಯಿದ್ದ ಒಬ್ಬ ಗಾರೆ ಕೆಲಸದವನಿಗೆ ಕ್ಲೋರೋಫಾರ್ಮ್ ಕೊಡುವ ಮೊದಲೇ, ಎಚ್ಚರವಿರುವಾಗ, ಬೆರಳಿನ ಆಸರೆಯಿಂದ ಬಾಯಿ ಮೂಲಕ ಶ್ವಾಸನಾಳಕ್ಕೆ ಟ್ಯೂಬ್ ಇಳಿಸಿದ್ದ. ಬಗ್ಗುವ ದುರ್ಬೀನು ಇದಕ್ಕೆ ಬಳಕೆಯಾದದ್ದು 1967ರಲ್ಲಿ. ಲಂಡನ್ನಿನ ಪೀಟರ್ ಮರ್ಫಿ ಎಂಬ ವೈದ್ಯರು ಪಿತ್ತನಾಳ ನೋಡಲೆಂದು ಮಾಡಿದ್ದ ಉಪಕರಣವನ್ನೇ ಮೂಗಿನ ಮೂಲಕ ಹಾಕಿ, ಅದರ ಮೇಲಿಂದ ಟ್ಯೂಬ್ ಜಾರಿಸಿದರು. ಈಗ ತುದಿಯಲ್ಲಿ ಕ್ಯಾಮೆರಾ ಇರುವ, ಪೆನ್ನಿನ ರೀಫಿಲ್‌ಗಿಂತ ತುಸು ದಪ್ಪಗಿರುವ ಬ್ರಾಂಕೋಸ್ಕೋಪ್ ಇದೆ. ಒಳಗಿನದೆಲ್ಲ ಟಿವಿ ಪರದೆಯಲ್ಲಿ ಕಾಣುತ್ತದೆ. ಬಾಯಿ ಸಾಕಷ್ಟು ತೆರೆಯುವವರಿಗೆ ವಿಡಿಯೋ ಲ್ಯಾರಿಂಗೋಸ್ಕೋಪಿನಿಂದಲೂ ಎಚ್ಚರದಲ್ಲೇ ಹಾಕಬಹುದು.

ಕೆಲಸದ ಬಹುಪಾಲು ಮರಗಟ್ಟಿಸುವುದರಲ್ಲೇ ಇದೆ. ಟ್ಯೂಬ್ ಹಾಕುವುದು ಎರಡು ಮೂರು ನಿಮಿಷ. ಗಂಟಲನ್ನು ಸರಿಯಾಗಿ ಮರಗಟ್ಟಿಸಲು ಇಪ್ಪತ್ತು ನಿಮಿಷ ಬೇಕು. ಅವಸರ ಮಾಡಿದವರು ಇಲ್ಲೇ ಕೆಡುತ್ತಾರೆ.

ಮೊದಲು ಎಂಜಲು ಒಣಗಲು ಒಂದು ಇಂಜೆಕ್ಷನ್. ಬಾಯಿ ಹತ್ತಿಯಂತಾಗುತ್ತದೆ, ನೀರು ಕೇಳುತ್ತಾರೆ, ಕೊಡುವಂತಿಲ್ಲ. ಎಂಜಲಿದ್ದರೆ ಮರಗಟ್ಟಿಸುವ ಔಷಧ ತೊಳೆದುಹೋಗುತ್ತದೆ, ಕ್ಯಾಮೆರಾ ಮಂಜಾಗುತ್ತದೆ. ಆಮೇಲೆ ಮೂಗಿಗೆ ಹನಿ, ನೆಗಡಿಗೆ ಹಾಕುತ್ತೇವಲ್ಲ, ಅದೇ ಜಾತಿಯದು. ಒಳಗಿನ ರಕ್ತನಾಳ ಕುಗ್ಗಿ ರಕ್ತ ಬರುವುದು ಕಡಿಮೆಯಾಗುತ್ತದೆ. ನಂತರ ಲಿಗ್ನೋಕೇನ್. ಹಲ್ಲಿನ ಡಾಕ್ಟರು ಒಸಡಿಗೆ ಚುಚ್ಚುವ ಔಷಧವೇ ಇದು. ಕೆಲವೊಮ್ಮೆ ನೆಬ್ಯುಲೈಸರಿನಲ್ಲಿ ಹೊಗೆಯಂತೆ ಎಳೆದುಕೊಳ್ಳಲು ಕೊಡುತ್ತಾರೆ, ಕೆಲವೊಮ್ಮೆ ಜೆಲ್ಲಿಯನ್ನು ಬಾಯಲ್ಲಿ ಇಟ್ಟುಕೊಂಡು ಗಳಗಳ ಮಾಡಿಸುತ್ತಾರೆ, ಗಂಟಲಿಗೆ ಸ್ಪ್ರೇ ಹೊಡೆಯುತ್ತಾರೆ. ಕಹಿ ಎಂದರೆ ಬೇವಿಗಿಂತ ಕಹಿ. ಕುತ್ತಿಗೆಯ ಇಬ್ಬದಿಯಲ್ಲಿ ಸಣ್ಣ ಸೂಜಿಯಿಂದ ನರಗಳನ್ನು ಮರಗಟ್ಟಿಸುವುದೂ ಉಂಟು. ಗಂಟಲಿನ ಉಬ್ಬಿನ ಸ್ವಲ್ಪ ಕೆಳಗೆ ಚುಚ್ಚಿ ಶ್ವಾಸನಾಳದೊಳಗೇ ಔಷಧ ಚಿಮ್ಮಿಸಿದರೆ ಜೋರು ಕೆಮ್ಮು ಬರುತ್ತದೆ. ಆ ಕೆಮ್ಮು ಬೇಕಾದದ್ದೇ, ಔಷಧ ಎಲ್ಲ ಕಡೆ ಹರಡುತ್ತದೆ.

ಈ ಔಷಧಕ್ಕೂ ಮಿತಿ ಇದೆ. ಕೊಬ್ಬಿನ ಭಾಗ ಬಿಟ್ಟು ಲೆಕ್ಕ ಹಾಕಿದ ತೂಕದ ಪ್ರತಿ ಕಿಲೋಗೆ 9 ಮಿಲಿಗ್ರಾಂ ದಾಟಬಾರದು ಎಂದು ಬ್ರಿಟನ್ನಿನ ಡಿಫಿಕಲ್ಟ್ ಏರ್‌ವೇ ಸೊಸೈಟಿಯ 2020ರ ಮಾರ್ಗಸೂಚಿ ಹೇಳುತ್ತದೆ. ಹೆಚ್ಚಾದರೆ ತುಟಿ ಸುತ್ತ ಜುಮುಜುಮು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಬಾಯಲ್ಲಿ ಲೋಹದ ರುಚಿ. ಇನ್ನೂ ಹೆಚ್ಚಾದರೆ ಫಿಟ್ಸ್ ಬರಬಹುದು. ಹಾಗಾಗಿ ಫಿಟ್ಸ್, ಲಿವರ್ ಅಥವಾ ಹೃದಯದ ತೊಂದರೆ, ಹಲ್ಲಿನ ಇಂಜೆಕ್ಷನ್ನಿಗೆ ಹಿಂದೆ ಅಲರ್ಜಿ ಆಗಿದ್ದು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವುದು, ಇದನ್ನೆಲ್ಲ ಮುಚ್ಚಿಡದೆ ಹೇಳಿ.

ಈ ಹೊತ್ತಿನಲ್ಲೆಲ್ಲ ಮೂಗಿಗೆ ಆಕ್ಸಿಜನ್ ಹರಿಯುತ್ತಿರುತ್ತದೆ. ಆತಂಕ ಇಳಿಯಲು ಲಘುವಾದ ಔಷಧ ಕೊಡುತ್ತೇವೆ, ಕರೆದರೆ ಕಣ್ಣು ಬಿಟ್ಟು ಉತ್ತರಿಸುವಷ್ಟು ಮಾತ್ರ. ಜಾಸ್ತಿ ಕೊಟ್ಟು ಗೊರಕೆ ಶುರುವಾದರೆ ಎಚ್ಚರದ ಲಾಭವೇ ಹೋಯಿತು. "ಇನ್ನೂ ಸ್ವಲ್ಪ ನಿದ್ದೆ ಕೊಡಿ ಡಾಕ್ಟ್ರೇ" ಎಂದು ಮನೆಯವರು ಒತ್ತಾಯಿಸಬಾರದು ಎನ್ನುವುದು ಇದಕ್ಕೇ.

ಆಮೇಲೆ ಬ್ರಾಂಕೋಸ್ಕೋಪ್ ಮೂಗಿನ ಹೊಳ್ಳೆಯಿಂದ ಹೊರಟು, ಗಂಟಲಿನ ಹಿಂಭಾಗ ದಾಟಿ, ಧ್ವನಿತಂತುಗಳ ಹತ್ತಿರ ಬರುತ್ತದೆ. ಪರದೆಯಲ್ಲಿ ಅವು ಎರಡು ಬಿಳಿ ಪಟ್ಟಿಗಳಂತೆ ತೆರೆದು ಮುಚ್ಚುತ್ತ ಕಾಣುತ್ತವೆ. "ಉಸಿರು ಎಳೆದುಕೊಳ್ಳಿ" ಎಂದಾಗ ಅಗಲವಾಗಿ ತೆರೆಯುತ್ತವೆ. ಆ ಕ್ಷಣದಲ್ಲಿ ಒಳಗೆ. ಶ್ವಾಸನಾಳದ ಬಳೆಯಂಥ ಉಂಗುರಗಳು, ತುದಿಯಲ್ಲಿ ಅದು ಎರಡಾಗಿ ಒಡೆಯುವ ಜಾಗ ಕಂಡಮೇಲೆ, ಮೊದಲೇ ಬ್ರಾಂಕೋಸ್ಕೋಪಿಗೆ ಪೋಣಿಸಿಟ್ಟ ಟ್ಯೂಬನ್ನು ಅದರ ಮೇಲಿಂದ ಹಳಿಯ ಮೇಲೆ ಬಂಡಿ ಜಾರಿಸಿದಂತೆ ಜಾರಿಸುತ್ತೇವೆ.

ಸರಿಯಾದ ಜಾಗದಲ್ಲಿದೆಯೇ ಎನ್ನುವುದನ್ನು ಕಣ್ಣಿನಿಂದ ನೋಡಿದರೆ ಸಾಲದು. ಉಸಿರಿನಿಂದ ಹೊರಬರುವ ಕಾರ್ಬನ್ ಡೈಆಕ್ಸೈಡ್ ಮಾನಿಟರಿನಲ್ಲಿ ಅಲೆ ಅಲೆಯಾಗಿ ಕಾಣಬೇಕು. ಅದು ಕಂಡ ಮೇಲೆಯೇ ನಿದ್ದೆಯ ಇಂಜೆಕ್ಷನ್. ಅಲ್ಲಿಂದ ಮುಂದೆ ರೋಗಿಗೆ ಏನೂ ಗೊತ್ತಾಗುವುದಿಲ್ಲ. ಈ ದಾರಿ ಆಗದೇ ಹೋದರೆ ಏನು ಮಾಡಬೇಕೆಂದು ಮೊದಲೇ ಯೋಚಿಸಿಟ್ಟಿರುತ್ತೇವೆ. ಕುತ್ತಿಗೆಯನ್ನಷ್ಟೇ ಮರಗಟ್ಟಿಸಿ ಮುಂಭಾಗದಲ್ಲಿ ರಂಧ್ರ ಮಾಡುವುದೂ ಅದರಲ್ಲಿ ಒಂದು.

*ಭಾಷೆಯೂ ಔಷಧದ ಲೆಕ್ಕಕ್ಕೆ ಬರುತ್ತದೆ*

ಹೊರನಾಡಿನಲ್ಲಿರುವ ನಮಗೆ ಇದು ಮುಖ್ಯ. ಬೇರೆ ಆಪರೇಷನ್ನುಗಳಲ್ಲಿ ರೋಗಿ ನಿದ್ದೆಯಲ್ಲಿರುತ್ತಾರೆ, ಡಾಕ್ಟರು ಯಾವ ಭಾಷೆಯವರಾದರೂ ನಡೆಯುತ್ತದೆ. ಇಲ್ಲಿ ಹಾಗಲ್ಲ. "ನಾಲಿಗೆ ಹೊರಗೆ, ಉಸಿರು ಎಳೆದುಕೊಳ್ಳಿ, ನುಂಗಬೇಡಿ" ಎಂದದ್ದು ಆ ಕ್ಷಣಕ್ಕೆ ಅರ್ಥವಾಗಬೇಕು. ಊರಿನಿಂದ ಬಂದ ಹಿರಿಯರಿಗೆ ಮರಾಠಿಯೂ ಬಾರದು, ಹಿಂದಿಯೂ ಅಷ್ಟಕ್ಕಷ್ಟೆ. ಚೆನ್ನೈಯಲ್ಲಿ, ದೆಹಲಿಯಲ್ಲೂ ಇದೇ ಕತೆ. ಅರ್ಥವಾಗದೆ ಗಾಬರಿಯಾದ ರೋಗಿ ಕೈಯಿಂದ ಉಪಕರಣ ಕಿತ್ತುಹಾಕಿದ್ದನ್ನು ನಾನು ನೋಡಿದ್ದೇನೆ. ತಪ್ಪು ಅವರದಲ್ಲ.

ಸೊಸೆಗೆ ಒಂದು ಕೆಲಸ ಕೊಟ್ಟೆ. ಬೇಕಾದ ಹತ್ತು ಮಾತುಗಳನ್ನು ಕನ್ನಡದಲ್ಲೇ, ಆದರೆ ದೇವನಾಗರಿ ಅಕ್ಷರದಲ್ಲಿ ಬರೆದು ಡಾಕ್ಟರಿಗೆ ಕೊಡುವುದು. ಬಾಯಿ ತೆಗೀರಿ. ನಾಲ್ಗೆ ಹೊರಗೆ ಚಾಚಿ. ಉಸ್ರು ಎಳ್ಕೊಳಿ. ನಿಧಾನಕ್ಕೆ ಬಿಡಿ. ನುಂಗ್ಬೇಡಿ. ಕೆಮ್ಮು ಬಂದ್ರೆ ಕೆಮ್ಮಿ. ನೋವಾಗ್ತಿದ್ಯಾ. ಇನ್ನು ಸ್ವಲ್ಪ ಅಷ್ಟೆ. ಆಯ್ತು. ಈಗ ನಿದ್ದೆ ಬರುತ್ತೆ. ಜೊತೆಗೆ ಒಂದು ಸನ್ನೆ: ಎಡಗೈ ಎತ್ತಿದರೆ ನಿಲ್ಲಿಸಬೇಕು ಎಂದು ಅರ್ಥ. ಅದನ್ನು ರೋಗಿ ಮತ್ತು ಡಾಕ್ಟರು ಹಿಂದಿನ ದಿನವೇ ಮಾತಾಡಿಕೊಳ್ಳಬೇಕು. ಮನೆಯವರೊಬ್ಬರನ್ನು ಮರಗಟ್ಟಿಸುವ ಹೊತ್ತಿನಲ್ಲಿ ಜೊತೆಗಿರಲು ಬಿಡುತ್ತೀರಾ ಎಂದು ಕೇಳಬಹುದು. ಬಿಡದಿದ್ದರೆ ಕನ್ನಡ ಬರುವ ನರ್ಸ್ ಅಥವಾ ವಾರ್ಡ್ ಬಾಯ್ ಇದ್ದಾರಾ ವಿಚಾರಿಸಿ. ದೊಡ್ಡ ಆಸ್ಪತ್ರೆಗಳಲ್ಲಿ ಹುಡುಕಿದರೆ ಒಬ್ಬರಾದರೂ ಸಿಗುವುದುಂಟು.

*ಅವರಿಗೆ ಹೇಗನ್ನಿಸಿತು*

ಆಪರೇಷನ್ ಆಗಿ ಮೂರು ವಾರಕ್ಕೆ ಮಾವನವರೇ ಫೋನ್ ಮಾಡಿದರು. ಮಾತು ಸ್ವಲ್ಪ ತೊದಲು, ಆದರೆ ಸ್ಪಷ್ಟ.

"ಕಹಿ ಔಷಧಿ ಹೊಡೆದ್ರು ತಂಗಿ. ಗಂಟ್ಲು ದಪ್ಪ ಆದ ಹಾಗಾಯ್ತು. ನುಂಗಕ್ಕೇ ಆಗ್ತಿಲ್ಲ, ಉಸ್ರೂ ಕಟ್ತು ಅನ್ಸಿ ಭಯ ಆತು." ಇದು ಬಹಳ ಜನ ಹೇಳುವ ಮಾತು. ಗಂಟಲು ಮರಗಟ್ಟಿದಾಗ ಗಾಳಿ ಹೋಗುವುದು ಗೊತ್ತಾಗುವುದಿಲ್ಲ, ಹಾಗಾಗಿ ಉಸಿರು ನಿಂತಂತೆ ಅನಿಸುತ್ತದೆ. ಉಸಿರು ಹೋಗಿ ಬರುತ್ತಲೇ ಇರುತ್ತದೆ. ಇದನ್ನು ಅವರಿಗೆ ಮೊದಲೇ ಹೇಳಿಟ್ಟಿದ್ದೆ. ನೆನಪು ಮಾಡಿಕೊಂಡರಂತೆ.

"ಆ ಡಾಕ್ಟ್ರಮ್ಮ ಚೀಟಿ ನೋಡ್ಕೊಂಡು 'ಉಸ್ರು ಎಳ್ಕೋಳೀ' ಅಂದ್ರು. ರಾಗ ಕೇಳಿ ನಗು ಬಂತು. ನಗ್ತಾ ಇದ್ದ ಹಾಗೆ ಕೆಮ್ಮು ಬಂತು. ಆಮೇಲೆ ಏನೋ ಹೇಳಕ್ಕೆ ಹೋದೆ, ಸ್ವರವೇ ಇಲ್ಲ."

ಟ್ಯೂಬ್ ಧ್ವನಿತಂತುಗಳ ನಡುವೆ ಕೂತು ಬಲೂನ್ ಉಬ್ಬಿದರೆ ಗಾಳಿ ತಂತುಗಳನ್ನು ತಾಗುವುದಿಲ್ಲ, ಮಾತು ಹೊರಡುವುದಿಲ್ಲ. ಗಾಬರಿಯಾಗಬೇಡಿ, ಅದು ಸರಿಯಾದ ಜಾಗಕ್ಕೆ ಹೋಗಿದೆ ಎಂಬುದರ ಸೂಚನೆಯೂ ಹೌದು. ಟ್ಯೂಬ್ ತೆಗೆದ ಮೇಲೆ ಸ್ವರ ಬರುತ್ತದೆ, ಒಂದೆರಡು ದಿನ ಗೊಗ್ಗರು. ವಾರ ಕಳೆದರೂ ಹಾಗೇ ಇದ್ದರೆ ತೋರಿಸಿ.

ಎಲ್ಲರಿಗೂ ಇಷ್ಟು ಸರಾಗ ಎಂದು ಸುಳ್ಳು ಹೇಳಲಾರೆ. ಮೂಗಿನಿಂದ ರಕ್ತ ಬರಬಹುದು, ವಾಂತಿ ಬಂದಂತಾಗಬಹುದು, ಒಂದೇ ಸಲಕ್ಕೆ ಆಗದೆ ಮತ್ತೆ ಪ್ರಯತ್ನಿಸಬೇಕಾಗಬಹುದು. ಚಿಕ್ಕ ಮಕ್ಕಳಿಗೆ, ಏನು ಹೇಳಿದರೂ ಒಪ್ಪದವರಿಗೆ ಈ ವಿಧಾನ ಹೊಂದುವುದಿಲ್ಲ, ಬೇರೆ ಉಪಾಯ ಬೇಕು. ಕಷ್ಟದ ಗಂಟಲಿನವರಿಗೆ ಟ್ಯೂಬ್ ತೆಗೆಯುವುದೂ ನಾಜೂಕಿನ ಕೆಲಸ. ಬಾಯಿಯ ದೊಡ್ಡ ಆಪರೇಷನ್ ಆದರೆ ಊತ ಇಳಿಯುವವರೆಗೆ ಒಂದು ರಾತ್ರಿ ಐಸಿಯುನಲ್ಲಿ ಟ್ಯೂಬ್ ಇಟ್ಟಿರುವುದುಂಟು. ನೋಡಲು ಹೋದಾಗ ಅಳಬೇಡಿ, ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದ ಹಲಗೆ ಇರಲಿ: ನೋವು, ಬಾಯಾರಿಕೆ, ಚಳಿ, ಮಗ್ಗುಲು ಬದಲಿಸಿ. ಬೆರಳಿಟ್ಟು ತೋರಿಸುತ್ತಾರೆ.

ಮುಂಚೆ ಹೊಟ್ಟೆ ಖಾಲಿ ಇರಬೇಕು. ಊಟ ತಿಂಡಿ ಆರು ಗಂಟೆ ಮೊದಲೇ ನಿಲ್ಲಿಸಬೇಕು, ಕರಿದದ್ದಾದರೆ ಇನ್ನೂ ಮೊದಲು. ಬರೀ ನೀರು ಎರಡು ಗಂಟೆ ಮೊದಲಿನವರೆಗೆ. ನಿಮ್ಮ ಡಾಕ್ಟರು ಬೇರೆ ಹೇಳಿದರೆ ಅವರ ಮಾತೇ ಸರಿ. ಗಂಟಲು ಮರಗಟ್ಟಿರುವಷ್ಟು ಹೊತ್ತು ಪ್ರೀತಿಯಿಂದಲೂ ಒಂದು ಗುಟುಕು ಕಾಫಿ ಕೊಡಬೇಡಿ, ಅದು ಶ್ವಾಸನಾಳಕ್ಕೆ ಇಳಿಯುತ್ತದೆ.

*ಒಂದು ಕಾಗದ*

ನಿಮ್ಮ ಮನೆಯಲ್ಲಿ ಯಾರಿಗಾದರೂ "ಟ್ಯೂಬ್ ಹಾಕುವುದು ಕಷ್ಟವಾಯಿತು" ಎಂದು ಯಾವತ್ತಾದರೂ ಡಾಕ್ಟರು ಹೇಳಿದ್ದರೆ, ಅದನ್ನು ಬರೆಸಿಕೊಳ್ಳಿ. ಏನು ಕಷ್ಟವಾಯಿತು, ಕೊನೆಗೆ ಯಾವ ವಿಧಾನದಿಂದ ಆಯಿತು, ಟ್ಯೂಬಿನ ಅಳತೆ ಎಷ್ಟು, ಯಾವ ತಾರೀಕು. ಕೇಳಲು ಸಂಕೋಚ ಬೇಡ, ಇದು ನಿಮ್ಮ ಹಕ್ಕು. ಅದರ ಫೋಟೋ ಮನೆಯ ಎಲ್ಲರ ಮೊಬೈಲಿನಲ್ಲಿರಲಿ. ಇವತ್ತು ಪುಣೆಯಲ್ಲಿರುವವರು ನಾಳೆ ಹೈದರಾಬಾದಿನಲ್ಲಿರುತ್ತಾರೆ, ಅಪ್ಪ ಊರಿನಲ್ಲಿ ಬಿದ್ದರೆ ಆಂಬುಲೆನ್ಸ್ ಯಾವ ಆಸ್ಪತ್ರೆಗೆ ಒಯ್ಯುತ್ತದೋ ಗೊತ್ತಿಲ್ಲ. ಆ ರಾತ್ರಿಯ ಡ್ಯೂಟಿ ಡಾಕ್ಟರಿಗೆ ಈ ಕಾಗದದಷ್ಟು ಉಪಕಾರ ಮತ್ತೊಂದಿಲ್ಲ.

ಪುಣೆಯ ಡಾಕ್ಟರು ಈ ಸಲ ಬರೆದು ಕೊಟ್ಟಿದ್ದಾರೆ. ಸೊಸೆ ಅದನ್ನು ಲ್ಯಾಮಿನೇಟ್ ಮಾಡಿಸಿ ಮಾವನ ಜೇಬಿಗೆ ಹಾಕಿದ್ದಾಳೆ, ಮೊದಲು ಕವಳದ ಸಂಚಿ ಇರುತ್ತಿದ್ದ ಜೇಬಿಗೆ. ಬಾಯಿ ಮತ್ತೆ ಬಿಗಿಯದಂತೆ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಹಲ್ಲಿನ ನಡುವೆ ಇಟ್ಟು ದಿನಾ ವ್ಯಾಯಾಮ ಮಾಡಿಸುತ್ತಿದ್ದಾರೆ. ನಿನ್ನೆ ಫೋಟೋ ಕಳಿಸಿದ್ದರು. ಮೊಮ್ಮಗಳು ಪಕ್ಕದಲ್ಲಿ ನಿಂತು ಎಣಿಸುತ್ತಿದ್ದಳು, ಹದಿನಾಲ್ಕು ಕಡ್ಡಿ.

ಇದು ತಿಳುವಳಿಕೆಗಾಗಿ ಬರೆದದ್ದು, ನಿಮ್ಮ ರೋಗಿಯನ್ನು ಕಣ್ಣಾರೆ ನೋಡಿದ ವೈದ್ಯರ ಸಲಹೆಗೆ ಬದಲಿಯಲ್ಲ. ಪ್ರಶ್ನೆಗಳಿದ್ದರೆ ಗುಂಪಿನಲ್ಲೇ ಕೇಳಿ, ರಾತ್ರಿ ಒಂಬತ್ತರ ನಂತರ ಉತ್ತರಿಸುತ್ತೇನೆ. ಬಿ.ಪಿ. ಮಾತ್ರೆಯ ಲೇಖನ ಮುಂದಿನ ಭಾನುವಾರ.